ತಿರುಗಿಸಿ ಇಟ್ಟರೂ ಅದು ತ್ರಿಕೋನವೇ: ರಟ್ಟಿನ ಡಬ್ಬಿಯಿಂದ ಆಕಾರ ಕಲಿಸುವುದು

ಪ್ರಶ್ನೆ: ನಾನು ಗದಗ-ಬೆಟಗೇರಿಯವಳು. ಮಗಳಿಗೆ ನಾಲ್ಕು ವರ್ಷ ತುಂಬಿದೆ, ಎಲ್‌ಕೆಜಿಗೆ ಹೋಗುತ್ತಾಳೆ. ಗೋಡೆಯ ಮೇಲಿನ ಚಾರ್ಟು ತೋರಿಸಿದರೆ ವೃತ್ತ, ಚೌಕ, ತ್ರಿಕೋನ, ಆಯತ ಅಂತ ಪಟಪಟ ಹೇಳುತ್ತಾಳೆ. ಆದರೆ ಮೊನ್ನೆ ಮೂರು ಮೂಲೆಯ ಚಪಾತಿಯನ್ನು ತಟ್ಟೆಗೆ ಹಾಕಿ ‘ಇದು ಯಾವ ಆಕಾರ?’ ಅಂತ ಕೇಳಿದೆ. ಚೂಪು ತುದಿ ಅವಳ ಕಡೆಗಿತ್ತು. ‘ತ್ರಿಕೋನ ಅಲ್ಲವ್ವಾ, ಇದು ಉಲ್ಟಾ ಐತಿ’ ಅಂದಳು. ಅಂಗಡಿಯ ಮರದ ಆಟಿಕೆ ಕೊಳ್ಳುವಷ್ಟು ಅನುಕೂಲ ನಮಗಿಲ್ಲ. ಮನೆಯಲ್ಲಿ ರಟ್ಟಿನ ಡಬ್ಬಿ, ಹಳೆಯ ಲಗ್ನಪತ್ರಿಕೆ, ಬಾಟಲಿ ಮುಚ್ಚಳ ರಾಶಿ ಬಿದ್ದಿವೆ. ಅವುಗಳಿಂದ ಏನು ಮಾಡಬಹುದು? ಎರಡು ವರ್ಷದ ಮಗನೂ ಇದ್ದಾನೆ, ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತಾನೆ. ಇನ್ನೊಂದು ವಿಷಯ, ಶಾಲೆಯವರು ಆಕಾರಗಳನ್ನು ಬರೆಸಿ ಕಳಿಸಿ ಅನ್ನುತ್ತಾರೆ. ಅವಳಿಗೆ ತ್ರಿಕೋನ ಬರೆಯಲು ಬರುತ್ತಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಆ ಚಪಾತಿಯ ಮಾತು. ‘ಉಲ್ಟಾ ಐತಿ’ ಅಂದಳಲ್ಲ, ಅವಳು ಆಕಾರವನ್ನು ಹೇಗೆ ನೋಡುತ್ತಿದ್ದಾಳೆ ಅನ್ನುವುದು ಆ ಒಂದು ಮಾತಿನಲ್ಲೇ ಗೊತ್ತಾಗುತ್ತದೆ. ಯಾವ ಆಟಿಕೆ ಮಾಡಬೇಕು ಅನ್ನುವುದನ್ನೂ ಅಲ್ಲಿಂದಲೇ ಶುರು ಮಾಡೋಣ.

ಗಾಬರಿ ಬೇಡ. ಈ ವಯಸ್ಸಿನ ಮಕ್ಕಳು ಆಕಾರವನ್ನು ಇಡಿಯಾಗಿ ನೋಡುತ್ತಾರೆ. ಬದಿ ಎಷ್ಟು, ಮೂಲೆ ಎಷ್ಟು ಅಂತ ಎಣಿಸಿ ಹೆಸರು ಹೇಳುವುದಿಲ್ಲ. ‘ಬಾಗಿಲಿನ ಹಾಗಿದೆ, ಅದಕ್ಕೇ ಆಯತ’ ಅನ್ನುವುದು ಅವರ ಲೆಕ್ಕ. ನೆದರ್ಲೆಂಡ್ಸ್‌ನ ಗಣಿತ ಶಿಕ್ಷಕರಾದ ಪಿಯರೆ ವಾನ್ ಹೀಲೆ ಮತ್ತು ಅವರ ಪತ್ನಿ ಡೀನಾ 1957ರಲ್ಲಿ ಇದನ್ನು ಬಿಡಿಸಿ ಹೇಳಿದರು. ಆಕಾರಗಳ ತಿಳಿವಳಿಕೆ ಒಂದೊಂದೇ ಮೆಟ್ಟಿಲಾಗಿ ಮೇಲೇರುತ್ತದೆ, ಮೊದಲನೆಯದು ಈ ನೋಟದ ಮೆಟ್ಟಿಲು ಅಂತ ಅವರು ತೋರಿಸಿದರು. ವಯಸ್ಸಾದ ಮಾತ್ರಕ್ಕೆ ಮಗು ಎರಡನೆಯ ಮೆಟ್ಟಿಲಿಗೆ ಹೋಗುವುದಿಲ್ಲ, ಅದಕ್ಕೆ ತಕ್ಕ ಕಲಿಕೆ ಬೇಕು ಅನ್ನುವುದೂ ಅವರ ಮಾತೇ. ಅಂದರೆ ‘ದೊಡ್ಡವಳಾದ ಮೇಲೆ ತಾನೇ ಬರುತ್ತದೆ’ ಅಂತ ಸುಮ್ನೆ ಕೂರುವ ಹಾಗಿಲ್ಲ.

ಈಗ ನಿಮ್ಮ ಗೋಡೆಯ ಚಾರ್ಟನ್ನು ನೋಡಿ. ತ್ರಿಕೋನ ಇರುವುದು ಒಂದೇ ಒಂದು, ಅಲ್ವಾ? ಮೂರೂ ಬದಿ ಸಮ, ಒಂದು ಬದಿ ಕೆಳಗೆ ನೆಟ್ಟಗೆ ಕೂತಿದೆ, ಚೂಪು ತುದಿ ಮೇಲಿದೆ. ಪುಸ್ತಕದಲ್ಲೂ ಅದೇ. ತೂತಿಗೆ ತಕ್ಕ ತುಂಡು ಹಾಕುವ ಅಂಗಡಿಯ ಆಟಿಕೆಯಲ್ಲೂ ಅದೇ. ನಿಮ್ಮ ಮಗಳು ಇಲ್ಲಿಯವರೆಗೆ ಕಂಡ ತ್ರಿಕೋನಗಳೆಲ್ಲ ಹಾಗೇ ಇದ್ದವು. ಹೀಗಾಗಿ ಅವಳು ಕಲಿತದ್ದು ಒಂದು ಚಿತ್ರವನ್ನು. ಚಿತ್ರ ತಿರುಗಿತೋ, ಅವಳ ಮಟ್ಟಿಗೆ ಅದು ಬೇರೆಯೇ ವಸ್ತು. ಬೇಕಾದರೆ ಒಂದು ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿ ಕೇಳಿ. ‘ಇದು ಚೌಕ ಅಲ್ಲ, ಗಾಳಿಪಟ’ ಅನ್ನುವ ಮಕ್ಕಳೇ ಜಾಸ್ತಿ.

ಮನೆಯಲ್ಲಿ ಮಾಡಿದ ಆಟಿಕೆ ಒಳ್ಳೆಯದು ಅಂತ ನಾನು ಹೇಳುವುದು ಇದಕ್ಕೇ. ದುಡ್ಡು ಉಳಿಯುತ್ತದೆ, ಅದೂ ಸರಿ. ಆದರೆ ಅಂಗಡಿಯ ಡಬ್ಬಿಯಲ್ಲಿ ಸಿಗದ ಸೊಟ್ಟ, ಉದ್ದ, ಕುಳ್ಳ ತ್ರಿಕೋನಗಳನ್ನು ನಿಮ್ಮ ಕತ್ತರಿ ಮಾಡಿಕೊಡುತ್ತದೆ. ತ್ರಿಕೋನದಂತೆ ಕಂಡು ತ್ರಿಕೋನ ಅಲ್ಲದ ತುಂಡುಗಳನ್ನೂ ಮಾಡಬಹುದು. ಮಗು ಕಲಿಯುವುದು ಇವೆರಡರ ನಡುವೆ.

ಮೊದಲ ಆಟಿಕೆಗೆ ಒಂದು ಖಾಕಿ ರಟ್ಟಿನ ಡಬ್ಬಿ ಸಾಕು. ಡಬ್ಬಿಯ ಜೋಡಣೆಯಲ್ಲಿ ದೊಡ್ಡ ತಂತಿ ಪಿನ್ನುಗಳಿರುತ್ತವೆ, ಅವನ್ನು ಮೊದಲೇ ಕಿತ್ತು ತೆಗೆಯಿರಿ. ಒಂದು ಪದರದ ರಟ್ಟು ಮಕ್ಕಳ ಕೈಯಲ್ಲಿ ಎರಡು ದಿನಕ್ಕೆ ಮಡಚಿಹೋಗುತ್ತದೆ. ಹಾಗಾಗಿ ಎರಡು ಪದರ ಅಂಟಿಸಿ. ರಟ್ಟಿನೊಳಗಿನ ಗೆರೆಗಳು ಒಂದರಲ್ಲಿ ಉದ್ದಕ್ಕೆ, ಇನ್ನೊಂದರಲ್ಲಿ ಅಡ್ಡಕ್ಕೆ ಬರಬೇಕು, ಆಗ ಹಲಗೆಯ ಹಾಗೆ ಗಟ್ಟಿಯಾಗುತ್ತದೆ. ಅಂಟಿಗೆ ಮೈದಾ ಹಿಟ್ಟನ್ನು ನೀರಿನಲ್ಲಿ ಕಲಸಿ ಸಣ್ಣ ಉರಿಯಲ್ಲಿ ಕುದಿಸಿದರೆ ಆಯಿತು. ಪೋಸ್ಟರ್ ಹಚ್ಚುವವರು ಹುಳ ಬೀಳದಿರಲಿ ಅಂತ ಇದಕ್ಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ನೀವು ಹಾಕಬೇಡಿ. ಅಂಟಿಸಿದ ಮೇಲೆ ಭಾರ ಹೇರಿ ರಾತ್ರಿಯಿಡೀ ಬಿಡಿ. ಚೆನ್ನಾಗಿ ಒಣಗದಿದ್ದರೆ ಬೂಸು ಬರುತ್ತದೆ.

ಆಮೇಲೆ ಕತ್ತರಿಸಿ. ಅಂಗೈ ಅಗಲದ ಹತ್ತು-ಹನ್ನೆರಡು ತ್ರಿಕೋನ ಇರಲಿ. ಒಂದೆರಡು ಚಾರ್ಟಿನಲ್ಲಿರುವಂಥವು. ಒಂದು ಉದ್ದವಾಗಿ, ತೆಳ್ಳಗೆ, ಸೂಜಿಯ ಹಾಗೆ. ಒಂದು ಕರವಸ್ತ್ರವನ್ನು ಮೂಲೆಯಿಂದ ಮೂಲೆಗೆ ಮಡಚಿದ ಹಾಗೆ. ಇನ್ನೊಂದು ಅಗಲವಾಗಿ, ಕುಳ್ಳಾಗಿ, ಮಂಗಳೂರು ಹೆಂಚಿನ ಮನೆಯ ಮಾಡಿನ ಹಾಗೆ. ಒಂದಕ್ಕೊಂದು ಹೋಲಬಾರದು, ಅಷ್ಟೇ. ಜೊತೆಗೆ ಐದಾರು ‘ಕಳ್ಳ’ ತುಂಡುಗಳನ್ನು ಮಾಡಿ. ಒಂದರ ಮೂಲೆ ದುಂಡಗಿರಲಿ. ಒಂದರ ಬದಿ ಹೊರಗೆ ಉಬ್ಬಿರಲಿ. ಒಂದರ ಚೂಪು ತುದಿಯನ್ನು ಕತ್ತರಿಸಿಬಿಡಿ, ಆಗ ಅದಕ್ಕೆ ನಾಲ್ಕು ಮೂಲೆ ಬರುತ್ತವೆ, ಆದರೂ ಮಗುವಿಗೆ ತ್ರಿಕೋನದಂತೆಯೇ ಕಾಣುತ್ತದೆ. ಅಂದಹಾಗೆ ನಿಮ್ಮ ಚಪಾತಿಯೂ ಈ ಗುಂಪಿಗೇ ಸೇರಿದ್ದು, ಅದರ ಬದಿ ಸ್ವಲ್ಪ ಬಾಗಿರುತ್ತದೆ. ಆದರೆ ಮಗಳು ಬೇಡ ಅಂದದ್ದು ಆ ಕಾರಣಕ್ಕಲ್ಲ, ತುದಿ ಕೆಳಗಿತ್ತು ಅನ್ನುವುದಕ್ಕೆ.

ಬಣ್ಣ ಹಚ್ಚಬೇಡಿ. ಇದನ್ನು ನಾನು ಅಂಗನವಾಡಿ ಶಿಕ್ಷಕಿಯರಿಗೂ ಮತ್ತೆ ಮತ್ತೆ ಹೇಳುತ್ತೇನೆ. ತ್ರಿಕೋನಕ್ಕೆಲ್ಲ ಕೆಂಪು, ಚೌಕಕ್ಕೆಲ್ಲ ನೀಲಿ ಹಚ್ಚಿದರೆ ಮಗು ಕೆಂಪನ್ನು ಒಂದು ಕಡೆ, ನೀಲಿಯನ್ನು ಇನ್ನೊಂದು ಕಡೆ ಇಡುತ್ತದೆ. ನೋಡಿದವರಿಗೆ ಆಕಾರ ಬಂತು ಅನ್ನಿಸುತ್ತದೆ. ಮಗು ಮೂಲೆಯನ್ನು ನೋಡಿಯೇ ಇರುವುದಿಲ್ಲ. ರಟ್ಟು ರಟ್ಟಿನ ಬಣ್ಣದಲ್ಲೇ ಇರಲಿ. ಚಂದ ಬೇಕು ಅನ್ನಿಸಿದರೆ ಎಲ್ಲ ಆಕಾರಕ್ಕೂ ಎಲ್ಲ ಬಣ್ಣ ಹಚ್ಚಿ.

ಈ ತುಂಡುಗಳನ್ನು ಬಟ್ಟೆಯ ಕೈಚೀಲಕ್ಕೆ ಹಾಕಿ. ಮಗಳು ನೋಡದೆ ಕೈ ಹಾಕಿ ಒಂದನ್ನು ಹಿಡಿಯಲಿ. ಹೊರಗೆ ತೆಗೆಯುವ ಮೊದಲು ಬೆರಳಿನಿಂದ ಸುತ್ತಲೂ ಸವರಲಿ. ಕಣ್ಣು ಇಡೀ ಚಿತ್ರವನ್ನು ಒಂದೇ ಸಲಕ್ಕೆ ನೋಡಿ ಮುಗಿಸುತ್ತದೆ. ಬೆರಳಿಗೆ ಅದು ಆಗುವುದಿಲ್ಲ. ಬದಿಯ ಮೇಲೆ ಸರಿಯಬೇಕು, ಮೂಲೆ ಬಂದಾಗ ತಿರುಗಬೇಕು. ಚೀಲದಲ್ಲಿ ಮೇಲೆ-ಕೆಳಗೆ ಅನ್ನುವುದೂ ಇಲ್ಲ, ಹಾಗಾಗಿ ಉಲ್ಟಾ ಅನ್ನುವ ಮಾತೇ ಬರುವುದಿಲ್ಲ.

ಇಲ್ಲಿ ನೀವು ಕೇಳುವ ಪ್ರಶ್ನೆ ಮುಖ್ಯ. ‘ಇದು ಏನು?’ ಅಂತ ಕೇಳಬೇಡಿ. ಅದಕ್ಕೆ ಹೆಸರು ಹೇಳಿದರೆ ಮಾತು ಮುಗಿಯುತ್ತದೆ. ಮನೆಯಲ್ಲಿ ನೀವು ಆಡುವ ಮಾತಿನಲ್ಲೇ ಹೀಗೆ ಕೇಳಿ:

‘ಬೆರಳಿಗೆ ಎಷ್ಟು ಮೂಲಿ ಹತ್ತಿದ್ವು?’

‘ಮೂರು.’

‘ಬದಿ ನೆಟ್ಟಗ ಅದಾವೇನು, ಡೊಂಕ ಅದಾವೇನು?’

‘ನೆಟ್ಟಗ ಅದಾವು.’

‘ಹಂಗಾರ ಇದನ್ನ ಯಾವ ಗುಂಪಿಗೆ ಇಡೂಣು?’

ತಪ್ಪು ಗುಂಪಿಗೆ ಇಟ್ಟರೆ ‘ಅಲ್ಲ, ತಪ್ಪು’ ಅನ್ನಬೇಡಿ. ‘ಯಾಕ ಇಲ್ಲಿ ಇಟ್ಟಿ?’ ಅಂತ ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಸರಿಯಾಗಿ ಇಟ್ಟಾಗಲೂ ಅದೇ ಪ್ರಶ್ನೆ ಕೇಳಿ. ತಪ್ಪಿದಾಗ ಮಾತ್ರ ‘ಯಾಕೆ’ ಬಂದರೆ, ‘ಯಾಕೆ’ ಅಂದಕೂಡಲೇ ಮಕ್ಕಳು ಹೆದರಿ ತುಂಡು ಬದಲಿಸುತ್ತಾರೆ. ‘ಇದಕ್ಕ ಮೂರು ಮೂಲಿ ಅದಾವು’ ಅನ್ನುವ ಉತ್ತರ ಅವಳ ಬಾಯಿಂದ ಬಂದ ದಿನ, ಅವಳು ಮುಂದಿನ ಮೆಟ್ಟಿಲಿಗೆ ಕಾಲಿಟ್ಟಳು ಅಂತ ತಿಳಿಯಿರಿ.

ಎರಡನೆಯ ಆಟಿಕೆಗೆ ಹಳೆಯ ಪೇಪರ್ ಬೇಕು. ವಿಜ್ಞಾನದ ಆಟಿಕೆಗಳಿಗೆ ಹೆಸರಾದ ಅರವಿಂದ ಗುಪ್ತಾ ಬೆಂಕಿಕಡ್ಡಿಗಳನ್ನು ಸೈಕಲ್ಲಿನ ವಾಲ್‌ಟ್ಯೂಬ್ ತುಂಡುಗಳಿಂದ ಜೋಡಿಸಿ ಆಕಾರ ಮಾಡುವುದನ್ನು ದೇಶದ ಮಕ್ಕಳಿಗೆಲ್ಲ ಹೇಳಿಕೊಟ್ಟರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬಹಳ ಒಳ್ಳೆಯ ಆಟ. ಆದರೆ ನಿಮ್ಮ ಮನೆಯಲ್ಲಿ ಎರಡು ವರ್ಷದ ಮಗು ಇದೆ, ಅಷ್ಟು ಸಣ್ಣ ರಬ್ಬರ್ ತುಂಡು ನೆಲದ ಮೇಲೆ ಬೀಳುವುದು ಬೇಡ. ಅದೇ ಆಟವನ್ನು ದೊಡ್ಡದಾಗಿ ಮಾಡೋಣ.

ಪೇಪರಿನ ಒಂದು ಹಾಳೆಯನ್ನು ಮೂಲೆಯಿಂದ ಶುರುಮಾಡಿ ತೆಳ್ಳನೆಯ ಕಡ್ಡಿಯ ಮೇಲೆ ಬಿಗಿಯಾಗಿ ಸುತ್ತಿ. ಕೊನೆಗೆ ಅಂಟು ಹಚ್ಚಿ ಕಡ್ಡಿ ಎಳೆದುಬಿಡಿ. ಒಳಗೆ ಪೊಳ್ಳಾದ, ಗಟ್ಟಿ ಕೋಲು ಸಿಗುತ್ತದೆ. ಇಂಥ ಕೋಲುಗಳನ್ನು 15 ಸೆಂಟಿಮೀಟರ್‌ಗೆ ಕತ್ತರಿಸಿಕೊಳ್ಳಿ. ಮೂರು ಕೋಲುಗಳ ಒಳಗೆ ದಾರ ಪೋಣಿಸಿ ಬಿಗಿದು ಕಟ್ಟಿದರೆ ತ್ರಿಕೋನ, ನಾಲ್ಕಕ್ಕೆ ಪೋಣಿಸಿದರೆ ಚೌಕ.

ಎರಡನ್ನೂ ಮಗಳ ಕೈಗೆ ಕೊಟ್ಟು ಒತ್ತಲು ಹೇಳಿ. ಚೌಕ ಒಂದು ಕಡೆ ವಾಲುತ್ತದೆ, ಶಂಕರಪಾಳಿಯ ಆಕಾರಕ್ಕೆ ಬರುತ್ತದೆ, ಇನ್ನೂ ಒತ್ತಿದರೆ ಚಪ್ಪಟೆಯಾಗುತ್ತದೆ. ತ್ರಿಕೋನ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ನಾಲ್ಕು ವರ್ಷದ ಮಗುವಿಗೆ ಇದು ಎಂಥ ಖುಷಿ ಕೊಡುತ್ತದೆ ಅನ್ನುವುದನ್ನು ನೀವೇ ನೋಡಬೇಕು. ಚೌಕ ವಾಲದಂತೆ ಮಾಡುವುದು ಹೇಗೆ ಅಂತ ಕೇಳಿ. ಎದುರುಬದುರು ಮೂಲೆಗಳ ನಡುವೆ ಇನ್ನೊಂದು ಕೋಲು ಬೇಕು. ಆ ಕೋಲು 21 ಸೆಂಟಿಮೀಟರ್‌ಗಿಂತ ತುಸು ಉದ್ದ ಬರುತ್ತದೆ, ಅದನ್ನು ಕಟ್ಟಿಕೊಟ್ಟರೆ ಚೌಕ ಗಟ್ಟಿಯಾಗಿ ನಿಲ್ಲುತ್ತದೆ. ಯಾಕೆಂದರೆ ಅದರೊಳಗೆ ಈಗ ಎರಡು ತ್ರಿಕೋನಗಳಿವೆ. ಹುಬ್ಬಳ್ಳಿಗೆ ಹೋಗುವಾಗ ರಸ್ತೆ ಪಕ್ಕದ ಕರೆಂಟಿನ ಟವರ್ ತೋರಿಸಿ. ಕಬ್ಬಿಣದ ಪಟ್ಟಿಗಳೆಲ್ಲ ತ್ರಿಕೋನವಾಗಿ ಹೆಣೆದುಕೊಂಡಿರುವುದು ಇದೇ ಕಾರಣಕ್ಕೆ. ತಲೆಕೆಳಗಾದ ತ್ರಿಕೋನಗಳು ಅಲ್ಲಿ ಬೇಕಾದಷ್ಟಿವೆ.

ಇನ್ನೊಂದು ಪ್ರಯೋಗ. 15, 7 ಮತ್ತು 6 ಸೆಂಟಿಮೀಟರಿನ ಮೂರು ಕೋಲು ಕೊಟ್ಟು, ದಾರ ಇಲ್ಲದೆ ನೆಲದ ಮೇಲೆ ತ್ರಿಕೋನ ಜೋಡಿಸಲು ಹೇಳಿ. ಸಣ್ಣ ಎರಡು ಕೋಲುಗಳ ತುದಿ ಕೂಡುವುದೇ ಇಲ್ಲ. ಕಾರಣ ವಿವರಿಸಬೇಡಿ, ಅದು ದೊಡ್ಡ ತರಗತಿಯ ಪಾಠ. ‘ಕೂಡವಲ್ದು’ ಅಂತ ಅವಳು ಬಂದು ಹೇಳಿದರೆ, ಬೇರೆ ಬೇರೆ ಉದ್ದದ ಕೋಲು ಕೊಟ್ಟು ಸುಮ್ನೆ ಪಕ್ಕದಲ್ಲಿ ಕೂತಿರಿ. ಅವಳೇ ಹುಡುಕುತ್ತಾಳೆ.

ಈಗ ನಿಮ್ಮ ಲಗ್ನಪತ್ರಿಕೆಗಳು. ಅವುಗಳ ಕಾಗದ ದಪ್ಪ, ನುಣುಪು, ಆಕಾರ ಕತ್ತರಿಸಲು ಇದಕ್ಕಿಂತ ಒಳ್ಳೆಯದು ಬೇಡ. ಎಂಟು ಸೆಂಟಿಮೀಟರಿನ ಚೌಕಗಳನ್ನು ಕತ್ತರಿಸಿ, ಪ್ರತಿ ಚೌಕವನ್ನು ಮೂಲೆಯಿಂದ ಮೂಲೆಗೆ ಎರಡು ತುಂಡು ಮಾಡಿ. ಮೊದಲು ಎರಡೇ ತುಂಡು ಕೊಡಿ. ಅವೆರಡನ್ನು ಬದಿಗೆ ಬದಿ ಸರಿಯಾಗಿ ಕೂಡಿಸಿದರೆ ಚೌಕ ಬರುತ್ತದೆ. ಬೇರೆ ರೀತಿ ಕೂಡಿಸಿದರೆ ದೊಡ್ಡ ತ್ರಿಕೋನ. ಇನ್ನೊಂದು ರೀತಿಯಲ್ಲಿ ವಾಲಿದ ಆಯತದಂಥ ಆಕಾರ. ಇಷ್ಟು ಆದ ಮೇಲೆ ನಾಲ್ಕು ತುಂಡು ಕೊಡಿ, ಆಮೇಲೆ ಎಂಟು. ಗಾಳಿಪಟ, ದೋಣಿ, ಮೀನು, ಗುಡಿ ಎಲ್ಲವೂ ಬರುತ್ತವೆ.

ಹೆಸರು ಹೇಳುವುದಕ್ಕಿಂತ ಹೀಗೆ ಕೂಡಿಸುವುದು, ಬಿಡಿಸುವುದೇ ದೊಡ್ಡ ಕಲಿಕೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮುಂದೆ ಭಿನ್ನರಾಶಿ, ವಿಸ್ತೀರ್ಣ ಬಂದಾಗ ಕೆಲಸಕ್ಕೆ ಬರುವುದು ಇದೇ. ಜರ್ಮನಿಯಲ್ಲಿ 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ಶಾಲೆ ತೆರೆದ ಫ್ರೆಡರಿಕ್ ಫ್ರೊಬೆಲ್ ಕೂಡ ಚೆಂಡು, ಘನ, ಉರುಳೆ ಕೊಟ್ಟು ಶುರು ಮಾಡಿ, ಆಮೇಲೆ ಒಂದು ಘನವನ್ನು ಎಂಟು ಸಣ್ಣ ಘನಗಳಾಗಿ ಬಿಡಿಸಿ ಮತ್ತೆ ಕೂಡಿಸುವ ಆಟ ಕೊಟ್ಟಿದ್ದರು. ನಮ್ಮ ಕಡೆಯ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಮನೆಯಲ್ಲಿ ಕೌದಿ ಇದ್ದರೆ ನೆಲದ ಮೇಲೆ ಹರಡಿ, ಮಗಳನ್ನು ಅದರ ಮೇಲೆ ಕೂರಿಸಿ. ಚೌಕದ ತುಂಡು ಎಲ್ಲಿದೆ, ಉದ್ದ ಪಟ್ಟಿ ಎಲ್ಲಿದೆ, ಎರಡು ಮೂರು-ಮೂಲೆ ತುಂಡು ಕೂಡಿಸಿ ಚೌಕ ಮಾಡಿದ್ದು ಎಲ್ಲಾದರೂ ಇದೆಯಾ ಅಂತ ಹುಡುಕಲಿ. ಕೌದಿ ಹೊಲಿದ ಅಜ್ಜಿ ಮನೆಯಲ್ಲಿದ್ದರೆ ಈ ಆಟ ಅವರಿಗೇ ಬಿಟ್ಟುಕೊಡಿ. ಯಾವ ತುಂಡು ಯಾವುದರ ಪಕ್ಕ ಕೂತರೆ ಸಂದು ಬೀಳುವುದಿಲ್ಲ ಅನ್ನುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಟೇಲರ್ ಅಂಗಡಿಯಲ್ಲಿ ಉಳಿದ ಬಟ್ಟೆಯ ತುಂಡು ಕೇಳಿ ತಂದು, ರಟ್ಟಿನ ಮೇಲೆ ಅಂಟಿಸುವ ಕೌದಿಯನ್ನು ಮಗಳೂ ಮಾಡಬಹುದು.

ನೀವು ಗದಗಿನವರು ಅನ್ನುವುದರಿಂದ ಎರಡು ಅನುಕೂಲ ಇವೆ. ಒಂದು, ನಿಮ್ಮೂರಿನ ಪ್ರಿಂಟಿಂಗ್ ಪ್ರೆಸ್‌ಗಳು. ಕಾಗದ ಕತ್ತರಿಸಿದ ಮೇಲೆ ಉಳಿಯುವ ಉದ್ದನೆಯ ಪಟ್ಟಿಗಳನ್ನು ಕೇಳಿದರೆ ಕೊಡುತ್ತಾರೆ. ಬೆರಳಗಲದ, ಮೊಳದುದ್ದದ ಆ ಪಟ್ಟಿಯೂ ಆಯತವೇ. ಮಕ್ಕಳು ಅದನ್ನು ಆಯತ ಅಂತ ಒಪ್ಪುವುದಿಲ್ಲ, ‘ಪಟ್ಟಿ’ ಅನ್ನುತ್ತಾರೆ. ಆಗ ಲಗ್ನಪತ್ರಿಕೆಯ ಮೂಲೆಯನ್ನು ಪಟ್ಟಿಯ ಮೂಲೆಗೆ ಹಿಡಿದು ನೋಡಲು ಹೇಳಿ. ನಾಲ್ಕೂ ಮೂಲೆ ಸರಿಯಾಗಿ ಕೂತರೆ ಅದು ಆಯತ. ಇಲ್ಲೊಂದು ಎಚ್ಚರಿಕೆ. ‘ಎರಡು ಬದಿ ಉದ್ದ, ಎರಡು ಬದಿ ಗಿಡ್ಡ ಇದ್ದರೆ ಆಯತ’ ಅಂತ ಕಲಿಸಬೇಡಿ. ಚೌಕವೂ ಒಂದು ಬಗೆಯ ಆಯತ ಅಂತ ಮುಂದೆ ಶಾಲೆಯಲ್ಲಿ ಹೇಳಿದಾಗ ಮಕ್ಕಳು ಒದ್ದಾಡುವುದು ಈ ಮಾತಿನಿಂದಲೇ. ‘ನಾಲ್ಕು ಮೂಲೆ, ಎಲ್ಲವೂ ಈ ಕಾರ್ಡಿನ ಮೂಲೆಯಂಥವು’ ಅಂದರೆ ಸಾಕು. ಚೌಕಕ್ಕೆ ‘ಬದಿಗಳೂ ಎಲ್ಲ ಸಮ’ ಅಂತ ಒಂದು ಮಾತು ಸೇರಿಸಿ.

ಇನ್ನೊಂದು ಅನುಕೂಲ ಡಂಬಳ. ಮುಂಡರಗಿ ತಾಲ್ಲೂಕಿನ ಡಂಬಳದಲ್ಲಿರುವ ದೊಡ್ಡಬಸಪ್ಪ ದೇವಸ್ಥಾನ ಕಲ್ಯಾಣ ಚಾಲುಕ್ಯರ ಕಾಲದ್ದು, 12ನೇ ಶತಮಾನದ್ದು. ಅದರ ಗರ್ಭಗುಡಿಯ ಹೊರಗೋಡೆ ನೆಟ್ಟಗಿಲ್ಲ, ಮೂಲೆ ಮೂಲೆಯಾಗಿ ಹೊರಗೆ ಚಾಚುತ್ತಾ ಹೋಗುತ್ತದೆ. 24 ಮೂಲೆಗಳ ನಕ್ಷತ್ರದ ವಿನ್ಯಾಸ ಅದು. ಒಂದು ಚೌಕವನ್ನು ನಡುವಿನ ಬಿಂದುವಿನ ಮೇಲೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋದರೆ ಬರುವ ವಿನ್ಯಾಸ! ನಿಮ್ಮ ಮಗಳಿಗೆ ತೊಡಕಾಗಿರುವುದು ಇದೇ ಅಲ್ವಾ, ತಿರುಗಿದ ಆಕಾರ ಅದೇ ಆಕಾರ ಅನ್ನುವುದು?

ಮನೆಯಲ್ಲಿ ಅದನ್ನು ಹೀಗೆ ಮಾಡಿ. ಲಗ್ನಪತ್ರಿಕೆಯಿಂದ ಒಂದೇ ಅಳತೆಯ ಎರಡು ಚೌಕ ಕತ್ತರಿಸಿ. ಎರಡರ ನಡುವೆ ತೂತು ಮಾಡಿ, ಒಂದರ ಮೇಲೊಂದು ಇಟ್ಟು ದಾರದಿಂದ ಗಂಟು ಹಾಕಿ. ಮೇಲಿನದನ್ನು ಮಗಳು ತಿರುಗಿಸಲಿ. ಒಂದೇ ಚೌಕದಂತೆ ಕಾಣುತ್ತಿದ್ದದ್ದು ನಿಧಾನವಾಗಿ ಎಂಟು ಮೂಲೆಯ ಚುಕ್ಕೆಯಾಗುತ್ತದೆ, ಇನ್ನೂ ತಿರುಗಿಸಿದರೆ ಮತ್ತೆ ಚೌಕ. ತನ್ನ ಕೈಯಿಂದಲೇ ತಿರುಗಿಸಿದ ಚೌಕ ನಡುವೆ ಎಲ್ಲೂ ಬೇರೆಯಾಗಲಿಲ್ಲ ಅನ್ನುವುದು ಅವಳಿಗೆ ಕಾಣುತ್ತದೆ. ನಾಲ್ಕು ವರ್ಷಕ್ಕೆ ಎರಡು ಚೌಕ ಸಾಕು. ಆರು ಚೌಕಗಳನ್ನು ತಲಾ 15 ಡಿಗ್ರಿ ತಿರುಗಿಸಿ ಅಂಟಿಸಿದರೆ ಡಂಬಳದ 24 ಮೂಲೆಗಳೂ ಬರುತ್ತವೆ, ಅದನ್ನು ನೀವು ಮಾಡಿ ತೋರಿಸಿ. ಆಮೇಲೆ ಒಂದು ಭಾನುವಾರ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಗೋಡೆ ಎಲ್ಲೆಲ್ಲಿ ತಿರುಗುತ್ತದೆ ಅಂತ ನೋಡುತ್ತಾ ಸುತ್ತು ಹಾಕಲಿ.

ಡಬ್ಬಿಗಳನ್ನು ಎಲ್ಲ ಕತ್ತರಿಸಿ ಮುಗಿಸಬೇಡಿ, ಕೆಲವನ್ನು ಹಾಗೇ ಇಡಿ. ಮಕ್ಕಳ ಕೈಗೆ ಮೊದಲು ಸಿಗುವುದು ಗಟ್ಟಿ ವಸ್ತುಗಳೇ, ಕಾಗದದ ಮೇಲಿನ ಚಿತ್ರ ಆಮೇಲಿನದು. ಆದರೆ ನಾವು ಅಲ್ಲಿ ಹೆಸರು ಬೆರೆಸಿಬಿಡುತ್ತೇವೆ. ಚೆಂಡು ತೋರಿಸಿ ‘ವೃತ್ತ’ ಅನ್ನುತ್ತೇವೆ, ಡಬ್ಬಿ ತೋರಿಸಿ ‘ಚೌಕ’ ಅನ್ನುತ್ತೇವೆ. ಚೆಂಡು ಗೋಳ, ಅದರ ಮೇಲೆ ವೃತ್ತ ಎಲ್ಲೂ ಬರೆದಿಲ್ಲ. ‘ಚೆಂಡು ದುಂಡಗಿದೆ’ ಅಂದರೆ ಸಾಕು. ಡಬ್ಬಿಯಾದರೆ ‘ಇದರ ಈ ಮುಖ ಚೌಕ’ ಅನ್ನಿ, ಬೆರಳಿಟ್ಟು ತೋರಿಸಿ. ಇನ್ನೂ ಒಳ್ಳೆಯದು ಅಂದರೆ ಅಂಗಳದ ಹಸಿ ಮಣ್ಣಿನಲ್ಲಿ ಅಚ್ಚು ಒತ್ತಿಸುವುದು. ಕಡ್ಡಿಪೆಟ್ಟಿಗೆಯ ಮೂರು ಬೇರೆ ಬೇರೆ ಮುಖಗಳನ್ನು ಒತ್ತಿದರೆ ಮೂರು ಬೇರೆ ಬೇರೆ ಆಯತ. ಟೂತ್‌ಪೇಸ್ಟಿನ ಡಬ್ಬಿಯ ತುದಿ ಒತ್ತಿದರೆ ಸಣ್ಣ ಚೌಕ ಅಥವಾ ಆಯತ, ಉದ್ದ ಮುಖ ಒತ್ತಿದರೆ ಉದ್ದನೆಯ ಆಯತ. ಪ್ಲಾಸ್ಟಿಕ್ ಲೋಟದ ಬಾಯಿ ಒತ್ತಿದರೆ ವೃತ್ತ. ಮಣ್ಣೆತ್ತಿನ ಅಮಾವಾಸ್ಯೆಗೆ ತಂದ ಮಣ್ಣು ಉಳಿದಿದ್ದರೆ ಇದಕ್ಕೆ ಹೇಳಿ ಮಾಡಿಸಿದ್ದು.

ಒಂದು ಹಲಗೆಯನ್ನು ಗೋಡೆಗೆ ಓರೆಯಾಗಿ ಇಟ್ಟು ಉರುಳಿಸುವ ಆಟವನ್ನೂ ಆಡಿಸಿ. ಚೆಂಡು ಹೇಗೆ ಇಟ್ಟರೂ ಉರುಳುತ್ತದೆ. ದುಂಡು ಡಬ್ಬಿ ಮಲಗಿಸಿದರೆ ಉರುಳುತ್ತದೆ, ನಿಲ್ಲಿಸಿದರೆ ಜಾರುತ್ತದೆ ಇಲ್ಲವೇ ನಿಲ್ಲುತ್ತದೆ. ಸೋಪಿನ ಡಬ್ಬಿ ಜಾರುವುದೇ ಸೈ. ಬೆಟಗೇರಿಯಲ್ಲಿ ಮಗ್ಗದವರ ಮನೆಗಳಿವೆಯಲ್ಲ, ನೂಲು ಸುತ್ತಿ ಬರುವ ರಟ್ಟಿನ ಕೋನ್ ಖಾಲಿಯಾದದ್ದು ಒಂದನ್ನು ಕೇಳಿ ತನ್ನಿ. ಅದನ್ನು ನೆಲದ ಮೇಲೆ ಮಲಗಿಸಿ ತಳ್ಳಿದರೆ ನೇರ ಹೋಗುವುದಿಲ್ಲ, ಸುತ್ತು ಹಾಕಿಕೊಂಡು ತಿರುಗುತ್ತದೆ. ಒಂದು ತುದಿ ಅಗಲ, ಒಂದು ತುದಿ ಸಣ್ಣದು, ಅದಕ್ಕೇ. ಕೋನ್ ಸಿಗದಿದ್ದರೆ ಚಹಾದ ಪೇಪರ್ ಕಪ್ಪು ಆದೀತು. ಯಾವುದು ಎಲ್ಲಿ ಹೋಗುತ್ತದೆ ಅಂತ ತಳ್ಳುವ ಮೊದಲೇ ಮಗಳು ಹೇಳಲಿ, ಆಮೇಲೆ ತಳ್ಳಿ ನೋಡಲಿ.

ಚಿಕ್ಕವನ ವಿಷಯಕ್ಕೆ ಬರೋಣ, ಇಲ್ಲಿ ಸಡಿಲ ಬಿಡುವಂತಿಲ್ಲ. ಅಂಗಡಿಯ ಆಟಿಕೆಗಳಿಗೆ ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಮನೆಯಲ್ಲಿ ಮಾಡಿದ್ದನ್ನು ಪರೀಕ್ಷೆ ಮಾಡುವವರು ನೀವೇ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ನೋಡಲು 31.7 ಮಿಲಿಮೀಟರ್ ಅಗಲದ ಒಂದು ಸಣ್ಣ ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ವಸ್ತು ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ನೀವು ದಪ್ಪ ಕಾಗದದಿಂದ ನಾಲ್ಕು ಸೆಂಟಿಮೀಟರ್ ಅಗಲದ ಕೊಳವೆ ಮಾಡಿಟ್ಟುಕೊಳ್ಳಿ, ಇನ್ನೂ ಸುರಕ್ಷಿತ. ಅದರಲ್ಲಿ ಇಳಿದದ್ದು ಅವನ ಕೈಗೆ ಸಿಗಬಾರದು. ನೀವು ಕೂಡಿಟ್ಟ ನೀರಿನ ಬಾಟಲಿಯ ಮುಚ್ಚಳಗಳು ಇದರಲ್ಲಿ ಸಲೀಸಾಗಿ ಇಳಿಯುತ್ತವೆ. ಹಾಗಾಗಿ ಅವನ್ನು ಬಿಡಿಯಾಗಿ ಕೊಡಲೇಬೇಡಿ. ಚಿಕ್ಕವನು ಮಲಗಿದಾಗ ಮಗಳು ಅವುಗಳಿಂದ ನೆಲದ ಮೇಲೆ ದೊಡ್ಡ ವೃತ್ತ, ಚೌಕ ಜೋಡಿಸಲಿ, ಆಟ ಮುಗಿದ ಮೇಲೆ ಎಣಿಸಿ ಎತ್ತಿಡಿ.

ಗಾಜಿನ ಬಳೆ ಬೇಡ, ಪ್ಲಾಸ್ಟಿಕ್ಕಿನ ದೊಡ್ಡ ಬಳೆ ಆಗಬಹುದು. ಕತ್ತರಿಸಿ ತೆಗೆದ ತಗಡಿನ ಮುಚ್ಚಳ ಬೇಡ, ಅಂಚು ಬ್ಲೇಡಿನಷ್ಟು ಹರಿತ. ಥರ್ಮಾಕೋಲ್ ಬೇಡ, ಕಾಳು ಕಾಳಾಗಿ ಉದುರಿ ಬಾಯಿಗೆ ಹೋಗುತ್ತದೆ. ಬಟನ್ ಸೆಲ್, ಅಯಸ್ಕಾಂತದ ಚೂರು ಆಟಿಕೆಯ ಹತ್ತಿರವೂ ಬರಬಾರದು. ಹೊಲ ಇರುವ ಮನೆಗಳಿಗೆ ಒಂದು ಮಾತು: ಕೀಟನಾಶಕ, ಗೊಬ್ಬರ, ಪೇಂಟು, ಥಿನ್ನರ್ ತುಂಬಿ ಬಂದ ಡಬ್ಬಿ, ಬಾಟಲಿ, ಚೀಲವನ್ನು ಎಷ್ಟು ತೊಳೆದರೂ ಆಟಿಕೆಗೆ ಬಳಸಬೇಡಿ. ಬ್ಯಾಡಗಿ ಕಡೆಯಿಂದ ಮೆಣಸಿನಕಾಯಿ ತುಂಬಿ ಬಂದ ರಟ್ಟಿನ ಡಬ್ಬಿಯೂ ಬೇಡ, ಅದರ ಪುಡಿ ರಟ್ಟಿನೊಳಗೆ ಕೂತಿರುತ್ತದೆ, ಮಕ್ಕಳು ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತಾರೆ. ಪೇಪರ್ ಕೋಲಿನ ಮಸಿ ಬಾಯಿಗೆ ಹೋಗದಂತೆ ಮೇಲೆ ಬಿಳಿ ಹಾಳೆ ಸುತ್ತಿ.

ಚಿಕ್ಕವನಿಗೂ ಒಂದು ಆಟಿಕೆ ಬೇಕಲ್ಲ. ದೊಡ್ಡ ರಟ್ಟಿನ ಡಬ್ಬಿಯ ಮೇಲ್ಭಾಗದಲ್ಲಿ ಉಪ್ಪಿಟ್ಟಿನ ತಟ್ಟೆಯಷ್ಟು ಒಂದು ದುಂಡು ತೂತು, ಅಷ್ಟೇ ದೊಡ್ಡ ಒಂದು ಚೌಕ ತೂತು ಕೊರೆಯಿರಿ. ಅದಕ್ಕೆ ತಕ್ಕ ದಪ್ಪ ರಟ್ಟಿನ ಬಿಲ್ಲೆಗಳನ್ನು ಕೊಡಿ. ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು, ಎರಡು ವರ್ಷಕ್ಕೆ ಅಷ್ಟೇ ಬೇಕು. ಅವನಿಗೆ ಹೆಸರು ಹೇಳಿಕೊಡುವ ಅವಸರ ಬೇಡ. ರಟ್ಟು ಜೊಲ್ಲಿಗೆ ನೆಂದು ಮೆತ್ತಗಾದ ದಿನ ಎಸೆದು ಹೊಸದು ಮಾಡಿ.

ದಿನಕ್ಕೆ ಎಷ್ಟು ಹೊತ್ತು ಅಂತ ಬಹಳ ತಾಯಂದಿರು ಕೇಳುತ್ತಾರೆ. ಹತ್ತು ನಿಮಿಷ ಸಾಕು. ಅವಳು ಎದ್ದು ಹೋದರೆ ಹೋಗಲಿ. ಎಲ್ಲ ಆಟಿಕೆಗಳನ್ನು ಒಂದೇ ದಿನ ಮುಂದಿಡಬೇಡಿ. ಒಂದು ವಾರ ಚೀಲದ ಆಟ, ಇನ್ನೊಂದು ವಾರ ಕೋಲಿನ ಆಟ ಅಂತ ಬದಲಿಸಿ.

ಕೊನೆಗೆ ಶಾಲೆಯ ಬರವಣಿಗೆ. ಸಾಮಾನ್ಯವಾಗಿ ಮಕ್ಕಳು ಮೂರು ವರ್ಷದ ಹೊತ್ತಿಗೆ ವೃತ್ತವನ್ನು ನೋಡಿ ಬರೆಯುತ್ತಾರೆ, ನಾಲ್ಕು ತುಂಬಿದ ಮೇಲೆ ಚೌಕ. ತ್ರಿಕೋನ ಬರುವುದು ಐದರ ಹತ್ತಿರ, ಏಕೆಂದರೆ ಓರೆ ಗೆರೆ ಎಳೆಯುವುದು ಕೈಗೆ ಕಷ್ಟದ ಕೆಲಸ. ನಿಮ್ಮ ಮಗಳು ಹಿಂದೆ ಬಿದ್ದಿಲ್ಲ, ಅವಳಿಗೆ ಇನ್ನೂ ಸಮಯ ಇದೆ. ದೇಶದ 2020ರ ಶಿಕ್ಷಣ ನೀತಿಯೂ 3ರಿಂದ 8 ವರ್ಷದ ಮಕ್ಕಳನ್ನು ಒಂದೇ ಹಂತ ಅಂತ ಗುರುತಿಸಿ, ಆಟದ ಮೂಲಕ ಕಲಿಸಿ ಅನ್ನುತ್ತದೆ. ಹಾಗಂತ ಶಿಕ್ಷಕಿಯ ಜೊತೆ ವಾದಕ್ಕೆ ಇಳಿಯಬೇಕಿಲ್ಲ. ‘ಮೇಡಂ, ಅವಳು ರಟ್ಟಿನ ತುಂಡು ಇಟ್ಟುಕೊಂಡು ಸುತ್ತ ಗೆರೆ ಎಳೆಯಲಿ, ಕೈಬರಹದಲ್ಲಿ ಆಮೇಲೆ ಬರೆಸೋಣ’ ಅಂತ ಸಮಾಧಾನವಾಗಿ ಕೇಳಿ, ಹೆಚ್ಚಿನವರು ಒಪ್ಪುತ್ತಾರೆ. ನೀವು ಮಾಡಿದ ತ್ರಿಕೋನಗಳಲ್ಲಿ ಮೂರ್ನಾಲ್ಕನ್ನು, ಸೂಜಿಯಂಥದ್ದು ಒಂದು, ಕುಳ್ಳಗಿನದ್ದು ಒಂದು ಸೇರಿಸಿ, ಅವಳ ಬ್ಯಾಗಿನಲ್ಲಿ ಹಾಕಿ ಕಳಿಸಿ. ತರಗತಿಯ ಉಳಿದ ಮಕ್ಕಳಿಗೂ ಕೆಲಸಕ್ಕೆ ಬರುತ್ತವೆ.